ನವರಾತ್ರಿಗೆ ಹೆಲ್ಮೆಟ್‌ಗೂ ಹಬ್ಬದ ಉಡುಗೆ: ಮನೆಯಲ್ಲೇ ಕವರ್ ಹೊಲಿಯುವುದು ಹೇಗೆ? ಎಲ್ಲಿ ಎಚ್ಚರ ತಪ್ಪಬಾರದು?

ಅಹಮದಾಬಾದ್: ನವರಾತ್ರಿ ಬಂತೆಂದರೆ ಅಹಮದಾಬಾದ್‌ನ ಸ್ಯಾಟಲೈಟ್ ಬಡಾವಣೆಗೆ ಒಂಬತ್ತು ರಾತ್ರಿ ನಿದ್ದೆಯಿಲ್ಲ. ಶಿವರಂಜನಿ, ಜೋಧಪುರ ಕ್ರಾಸ್ ರೋಡ್, ಇಸ್ಕಾನ್ ಕಡೆಗಿನ ರಸ್ತೆಗಳಲ್ಲಿ ಸಂಜೆಯಾಗುತ್ತಲೇ ಸ್ಕೂಟರ್‌ಗಳ ಸಾಲು. ಮೇಲೆ ಕುಳಿತವರ ಮೈಮೇಲೆ ಕನ್ನಡಿ ಕಸೂತಿಯ ಚನಿಯಾ ಚೋಳಿ, ಕೇಡಿಯು, ಬಾಂಧನಿ ದುಪಟ್ಟಾ. ಆದರೆ ಇಷ್ಟೆಲ್ಲ ಸಿಂಗಾರದ ನಡುವೆ ಒಂದು ವಸ್ತು ಮಾತ್ರ ಅನೇಕ ಬಾರಿ ಮನೆಯಲ್ಲೇ ಉಳಿದುಬಿಡುತ್ತದೆ. ಅದು ಹೆಲ್ಮೆಟ್.

ಕೂದಲು ಕೆಡುತ್ತದೆ, ಬೈತಲೆ ಬೊಟ್ಟು ಒತ್ತುತ್ತದೆ, ಇಷ್ಟು ಚೆಂದದ ಉಡುಪಿನ ಮೇಲೆ ಕರಿ ಮಡಕೆಯಂಥ ಹೆಲ್ಮೆಟ್ ಒಪ್ಪುವುದಿಲ್ಲ, ಗರ್ಬಾ ಮೈದಾನ ಇಲ್ಲೇ ಎರಡು ಕಿಲೋಮೀಟರ್ ಅಷ್ಟೇ. ಕಾರಣಗಳು ಹೀಗೆ ಸಾಲುಗಟ್ಟುತ್ತವೆ. ಮೈಸೂರು, ಬೆಂಗಳೂರಿನ ದಸರಾ ದಿನಗಳಲ್ಲೂ ಕೇಳಿಬರುವ ಮಾತುಗಳೇ ಇವು. ಹಾಗಾದರೆ ಹೆಲ್ಮೆಟ್‌ಗೂ ಹಬ್ಬದ ಬಟ್ಟೆ ತೊಡಿಸಿದರೆ ಹೇಗೆ? ಒಂದು ಹಳೆಯ ದುಪಟ್ಟಾ, ಅರ್ಧ ಮೀಟರ್ ಹಿಗ್ಗುವ ಬಟ್ಟೆ ಮತ್ತು ಒಂದಿಷ್ಟು ಎಲಾಸ್ಟಿಕ್ ಇದ್ದರೆ ಒಂದೇ ಮಧ್ಯಾಹ್ನದಲ್ಲಿ ಕವರ್ ಸಿದ್ಧವಾಗುತ್ತದೆ. ಆದರೆ ತಪ್ಪಾಗಿ ಮಾಡಿದರೆ ಅದೇ ಕವರ್ ಅಪಾಯವನ್ನೂ ತರಬಹುದು. ಈ ಕುರಿತ ಪೂರ್ತಿ ಮಾಹಿತಿ ಇಲ್ಲಿದೆ.

ಸ್ಯಾಟಲೈಟ್ ಎಂಬ ಹೆಸರು, ಕರ್ನಾಟಕದ ನಂಟು

ಈ ಬಡಾವಣೆಗೆ ಇಂಥ ಹೆಸರು ಬಂದದ್ದು ಬಾಹ್ಯಾಕಾಶ ಸಂಶೋಧನೆಯಿಂದ. 1967ರಲ್ಲಿ ಅಹಮದಾಬಾದ್‌ನಲ್ಲಿ ಪ್ರಾಯೋಗಿಕ ಉಪಗ್ರಹ ಸಂವಹನ ಭೂಕೇಂದ್ರ ಆರಂಭವಾಯಿತು. ಇಸ್ರೋದ ಸ್ಪೇಸ್ ಅಪ್ಲಿಕೇಶನ್ಸ್ ಸೆಂಟರ್ ಇರುವುದೂ ಇದೇ ಭಾಗದಲ್ಲಿ. 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ನಡೆದ ಸೈಟ್ ಪ್ರಯೋಗದಲ್ಲಿ ಆರು ರಾಜ್ಯಗಳ 2,400 ಹಳ್ಳಿಗಳಿಗೆ ಉಪಗ್ರಹದ ಮೂಲಕ ಟಿವಿ ಕಾರ್ಯಕ್ರಮ ತಲುಪಿತು. ಅವುಗಳಲ್ಲಿ ಅಂದಿನ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಇದ್ದವು. ಮುಂದೆ ಇಸ್ರೋ ಅಧ್ಯಕ್ಷರಾದ ಕನ್ನಡಿಗ ಎ.ಎಸ್. ಕಿರಣ್ ಕುಮಾರ್ ಅವರು ಅದಕ್ಕೂ ಮೊದಲು ಈ ಕೇಂದ್ರದ ನಿರ್ದೇಶಕರಾಗಿದ್ದರು.

ಇಂದು ಸ್ಯಾಟಲೈಟ್ ಎಂದರೆ ಅಪಾರ್ಟ್‌ಮೆಂಟ್ ಸೊಸೈಟಿಗಳು, ಅಂಗಡಿಗಳು, ಪಾರ್ಟಿ ಪ್ಲಾಟ್‌ಗಳ ಪ್ರದೇಶ. ಸೊಸೈಟಿಯ ಅಂಗಳದಲ್ಲಿ ನಡೆಯುವ ಗರ್ಬಾಕ್ಕೆ ನಡೆದೇ ಹೋಗಬಹುದು. ಪಾರ್ಟಿ ಪ್ಲಾಟ್‌ನ ದೊಡ್ಡ ಗರ್ಬಾಕ್ಕೆ ಮಾತ್ರ ವಾಹನ ಬೇಕೇ ಬೇಕು. ಗುಜರಾತಿನ ಗರ್ಬಾ 2023ರ ಡಿಸೆಂಬರ್‌ನಲ್ಲಿ ಯುನೆಸ್ಕೋದ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿದೆ.

ಹೆಲ್ಮೆಟ್ ಇಲ್ಲದಿದ್ದರೆ ಏನಾಗುತ್ತದೆ?

ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದಲ್ಲಿ ರಸ್ತೆ ಅಪಘಾತಗಳಿಗೆ 1,68,491 ಮಂದಿ ಬಲಿಯಾದರು. ಅವರಲ್ಲಿ ಹೆಲ್ಮೆಟ್ ಧರಿಸದೆ ಪ್ರಾಣ ಕಳೆದುಕೊಂಡವರು 50,029 ಮಂದಿ. ಈ ಪೈಕಿ 14,337 ಮಂದಿ ಹಿಂಬದಿ ಸವಾರರು. ಅಂದರೆ ಹಬ್ಬದ ರಾತ್ರಿ ಹಿಂದೆ ಕುಳಿತು ಹೋಗುವ ತಂಗಿ, ಗೆಳತಿ, ಹೆಂಡತಿಗೂ ಹೆಲ್ಮೆಟ್ ಅಷ್ಟೇ ಅಗತ್ಯ. ಹೆಲ್ಮೆಟ್ ಧರಿಸಿದರೆ ಸಾವಿನ ಅಪಾಯ ಸುಮಾರು ಶೇ 42ರಷ್ಟು, ತಲೆಗೆ ಪೆಟ್ಟಾಗುವ ಅಪಾಯ ಸುಮಾರು ಶೇ 69ರಷ್ಟು ಕಡಿಮೆಯಾಗುತ್ತದೆ ಎಂದು ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆ ಹೇಳಿದೆ.

ಗುಜರಾತಿನಲ್ಲಿ ಹೆಲ್ಮೆಟ್ ನಿಯಮದ ಕಥೆಯೂ ಏರಿಳಿತದ್ದೇ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿಯಲ್ಲಿ ಹೆಲ್ಮೆಟ್ ಇಲ್ಲದ ಸವಾರಿಗೆ 1,000 ರೂ. ದಂಡ ನಿಗದಿಯಾಗಿತ್ತು. ಗುಜರಾತ್ ಸರ್ಕಾರ ಅದನ್ನು 500 ರೂ.ಗೆ ಇಳಿಸಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ನಗರ ವ್ಯಾಪ್ತಿಯಲ್ಲಿ ಹೆಲ್ಮೆಟ್ ಕಡ್ಡಾಯವಲ್ಲ ಎಂದೂ ಹೇಳಿತು, ನಂತರ ಆ ನಿಲುವನ್ನು ಕೈಬಿಟ್ಟಿತು. 2025ರ ಫೆಬ್ರುವರಿಯಲ್ಲಿ ದ್ವಿಚಕ್ರ ವಾಹನದಲ್ಲಿ ಕಚೇರಿಗೆ ಬರುವ ಸರ್ಕಾರಿ ನೌಕರರು ಹೆಲ್ಮೆಟ್ ಧರಿಸಲೇಬೇಕು ಎಂಬ ಸೂಚನೆ ಹೊರಬಿತ್ತು. 2019ರ ನವರಾತ್ರಿಯಲ್ಲಂತೂ ಸೂರತ್‌ನಲ್ಲಿ ಮಹಿಳೆಯರು ಹೆಲ್ಮೆಟ್ ತೊಟ್ಟೇ ಗರ್ಬಾ ಆಡಿ ಜಾಗೃತಿ ಮೂಡಿಸಿದ್ದು ಸುದ್ದಿಯಾಗಿತ್ತು.

ಹೆಲ್ಮೆಟ್‌ಗೆ ನೇರವಾಗಿ ಅಂಟಿಸುವುದು ಬೇಡ, ಏಕೆ?

ಅಲಂಕಾರ ಎಂದ ತಕ್ಷಣ ಹಲವರಿಗೆ ಹೊಳೆಯುವುದು ಫೆವಿಕ್ವಿಕ್, ಗ್ಲೂ ಗನ್, ಸ್ಪ್ರೇ ಪೇಂಟ್. ಆದರೆ ಇದೇ ದೊಡ್ಡ ತಪ್ಪು. ಹೆಲ್ಮೆಟ್‌ನ ಹೊರ ಕವಚ ಸಾಮಾನ್ಯವಾಗಿ ಎಬಿಎಸ್, ಪಾಲಿಕಾರ್ಬೊನೇಟ್‌ನಂಥ ಪ್ಲಾಸ್ಟಿಕ್ ಅಥವಾ ಫೈಬರ್‌ನದ್ದು. ಅದರೊಳಗೆ ಥರ್ಮಾಕೋಲ್‌ನಂತೆ ಕಾಣುವ ಇಪಿಎಸ್ ಪದರ ಇರುತ್ತದೆ. ಪೆಟ್ಟು ಬಿದ್ದಾಗ ಹೊರ ಕವಚ ಏಟನ್ನು ಹರಡುತ್ತದೆ, ಒಳಗಿನ ಪದರ ನಲುಗಿ ಏಟನ್ನು ನುಂಗಿಕೊಳ್ಳುತ್ತದೆ. ಬಣ್ಣ, ಥಿನ್ನರ್, ಪೆಟ್ರೋಲ್, ಕೆಲವು ಅಂಟುಗಳಲ್ಲಿರುವ ರಾಸಾಯನಿಕಗಳು ಪ್ಲಾಸ್ಟಿಕ್ ಕವಚವನ್ನು ಕಣ್ಣಿಗೆ ಕಾಣದಂತೆ ದುರ್ಬಲಗೊಳಿಸಬಲ್ಲವು. ಹೆಲ್ಮೆಟ್‌ನ ಜೊತೆ ಬರುವ ಎಚ್ಚರಿಕೆ ಚೀಟಿಯಲ್ಲಿ ಇವನ್ನು ಬಳಸಬೇಡಿ ಎಂದು ಬರೆದಿರುವುದು ಇದಕ್ಕೇ.

ಎರಡನೇ ಕಾರಣ ಹೆಲ್ಮೆಟ್‌ನ ಆಕಾರ. ಅದು ಗುಂಡಗೆ, ನುಣುಪಾಗಿ ಇರುವುದು ಅಂದಕ್ಕಷ್ಟೇ ಅಲ್ಲ. ಸವಾರ ಬಿದ್ದಾಗ ತಲೆ ರಸ್ತೆಯ ಮೇಲೆ ಜಾರಿಕೊಂಡು ಹೋಗಬೇಕು. ಮೇಲೆ ಗಟ್ಟಿಯಾದ ಕೊಂಬು, ಕಿರೀಟ, ಕಲಶದಂಥ ಆಕೃತಿ ಅಂಟಿಸಿದ್ದರೆ ಅದು ರಸ್ತೆಗೆ ಸಿಕ್ಕಿಕೊಂಡು ಕುತ್ತಿಗೆಯನ್ನು ತಿರುಚಬಹುದು. ಹಾಗಾಗಿ ಅಂಟು ಬೇಡ, ಮೊಳೆ ಬೇಡ, ತೂತು ಬೇಡ. ಬೇಕಾದಾಗ ತೊಡಿಸಿ, ಬೇಡವಾದಾಗ ತೆಗೆಯುವ ಬಟ್ಟೆಯ ಕವರ್ ಒಂದೇ ಸುರಕ್ಷಿತ ದಾರಿ. ಅದು ಜೋರಾಗಿ ಎಳೆದರೆ ಕಳಚಿ ಬರುವಂತೆಯೂ ಇರಬೇಕು.

ಏನೇನು ಬೇಕು?

- ಹಿಗ್ಗುವ ಬಟ್ಟೆ ಅರ್ಧ ಮೀಟರ್ (ಟಿ-ಶರ್ಟ್ ಬಟ್ಟೆ ಅಥವಾ ಲೈಕ್ರಾ ಮಿಶ್ರಿತ ಬಟ್ಟೆ)
- ಹಳೆಯ ಬಾಂಧನಿ ದುಪಟ್ಟಾ ಅಥವಾ ಇಳಕಲ್ ಸೀರೆಯ ಉಳಿದ ತುಂಡು
- ಚಪ್ಪಟೆ ಲೇಸ್, ಗೋಟಾ ಪಟ್ಟಿ
- ಹೊಲಿಯಬಹುದಾದ ಪ್ಲಾಸ್ಟಿಕ್ ಕನ್ನಡಿ ಬಿಲ್ಲೆ (ಗಾಜಿನದ್ದು ಬೇಡ)
- 1 ಸೆಂ.ಮೀ. ಅಗಲದ ಎಲಾಸ್ಟಿಕ್ ಒಂದೂವರೆ ಮೀಟರ್
- ಸ್ವಲ್ಪ ನೆಟ್ ಬಟ್ಟೆ, ಹೊಲಿಯುವ ರಿಫ್ಲೆಕ್ಟಿವ್ ಪಟ್ಟಿ
- ಅಳತೆಗೆ: ಅಡುಗೆಮನೆಯ ಕ್ಲಿಂಗ್ ಫಿಲ್ಮ್, ಹಳೆಯ ಪತ್ರಿಕೆ, ಕಾಗದದ ಟೇಪ್, ಮಾರ್ಕರ್

ಅಹಮದಾಬಾದ್‌ನಲ್ಲಿರುವವರಿಗೆ ಲಾ ಗಾರ್ಡನ್ ಬಳಿಯ ಸಂಜೆ ಮಾರುಕಟ್ಟೆಯಲ್ಲಿ, ಮಾಣೆಕ್ ಚೌಕ್ ಹತ್ತಿರದ ರಾಣಿ ನೊ ಹಜೀರೊದಲ್ಲಿ ಹಬ್ಬದ ಉಡುಪು, ಕಸೂತಿ ಸಾಮಗ್ರಿ ಸಿಗುತ್ತವೆ. ಬೆಂಗಳೂರಿನವರು ಚಿಕ್ಕಪೇಟೆಯಲ್ಲಿ ಹುಡುಕಿದರೆ ಸಾಕು. ಊರಿನ ಟೈಲರ್ ಅಂಗಡಿಯಲ್ಲಿ ಉಳಿದ ತುಂಡುಗಳನ್ನು ಕೇಳಿದರೂ ನಡೆಯುತ್ತದೆ.

ಗಮನಿಸಿ: ಕವರ್ ತೊಡಿಸುವ ಹೆಲ್ಮೆಟ್ ಐಎಸ್ಐ ಗುರುತಿನದ್ದೇ ಆಗಿರಬೇಕು. 2021ರ ಜೂನ್ 1ರಿಂದ ದೇಶದಲ್ಲಿ ದ್ವಿಚಕ್ರ ಸವಾರರಿಗೆ ಐಎಸ್ 4151 ಮಾನದಂಡದ ಹೆಲ್ಮೆಟ್‌ಗಳ ಮಾರಾಟವಷ್ಟೇ ಕಾನೂನುಬದ್ಧ. ರಸ್ತೆ ಬದಿಯ ಅಗ್ಗದ ಟೋಪಿ ಹೆಲ್ಮೆಟ್‌ಗೆ ಎಷ್ಟು ಚೆಂದದ ಬಟ್ಟೆ ತೊಡಿಸಿದರೂ ಪ್ರಯೋಜನವಿಲ್ಲ.

ಅಳತೆ ತೆಗೆಯುವುದು ಹೇಗೆ?

ಪ್ರತಿ ಹೆಲ್ಮೆಟ್‌ನ ಆಕಾರವೂ ಬೇರೆ. ಹಾಗಾಗಿ ಬೇರೆಯವರ ಅಳತೆ ನಂಬದೆ ನಿಮ್ಮ ಹೆಲ್ಮೆಟ್ ಮೇಲೆಯೇ ಮಾದರಿ ತೆಗೆಯುವುದು ಒಳ್ಳೆಯದು.

ಹೆಲ್ಮೆಟ್ ಮೇಜಿನ ಮೇಲಿಟ್ಟು ವೈಸರ್, ಅಂದರೆ ಮುಂದಿನ ಗಾಜನ್ನು, ಪೂರ್ತಿ ಮೇಲೆತ್ತಿ. ಅದು ಎಲ್ಲಿಯವರೆಗೆ ಹೋಗಿ ನಿಲ್ಲುತ್ತದೆ ಎಂದು ನೋಡಿಕೊಳ್ಳಿ. ಕವರ್‌ನ ಮುಂದಿನ ಅಂಚು ಆ ಜಾಗಕ್ಕಿಂತ ಒಂದು ಬೆರಳಿನಷ್ಟು ಹಿಂದೆಯೇ ನಿಲ್ಲಬೇಕು. ಬಹಳಷ್ಟು ಮಂದಿ ಇಲ್ಲೇ ತಪ್ಪುತ್ತಾರೆ. ಹಣೆಯವರೆಗೂ ದಪ್ಪ ಬಟ್ಟೆ ಎಳೆದರೆ ವೈಸರ್ ಮೇಲೇರುವಾಗ ಸಿಕ್ಕಿಕೊಳ್ಳುತ್ತದೆ, ಲೇಸ್ ಉಜ್ಜಿ ಗಾಜಿನ ಮೇಲೆ ಗೀರು ಬೀಳುತ್ತದೆ. ಗೀರು ಬಿದ್ದ ಗಾಜಿನ ಮೂಲಕ ರಾತ್ರಿ ಎದುರು ವಾಹನದ ಬೆಳಕು ಚದುರಿ ಕಣ್ಣು ಕೋರೈಸುತ್ತದೆ.

ಈಗ ಹೆಲ್ಮೆಟ್ ಮೇಲೆ ಕ್ಲಿಂಗ್ ಫಿಲ್ಮ್ ಸುತ್ತಿ, ಅದರ ಮೇಲೆ ಪತ್ರಿಕೆಯ ತುಂಡುಗಳನ್ನು ಕಾಗದದ ಟೇಪ್‌ನಿಂದ ಅಂಟಿಸುತ್ತಾ ಹೋಗಿ. ಫಿಲ್ಮ್ ಇರುವುದರಿಂದ ಟೇಪ್‌ನ ಅಂಟು ಹೆಲ್ಮೆಟ್‌ಗೆ ತಾಗುವುದಿಲ್ಲ. ಬಳಿಕ ಮಾರ್ಕರ್‌ನಿಂದ ಗೆರೆ ಎಳೆಯಬೇಕು. ಮುಂದಿನ ಅಂಚಿನ ಗೆರೆ, ಎರಡೂ ಪಕ್ಕದಲ್ಲಿ ವೈಸರ್‌ನ ತಿರುಗುಗುಂಡಿಯ ಹಿಂದಿನಿಂದ ಕೆಳಗಿಳಿಯುವ ಗೆರೆ, ಹಿಂದೆ ಹೆಲ್ಮೆಟ್‌ನ ಕೆಳ ಅಂಚಿನ ಗೆರೆ. ಗಾಳಿ ಕಿಂಡಿಗಳು ಎಲ್ಲಿವೆ ಎಂಬುದನ್ನೂ ಗುರುತು ಹಾಕಿ.

ನಂತರ ಮುಂದಿನಿಂದ ಹಿಂದಕ್ಕೆ, ನಡು ನೆತ್ತಿಯ ಮೇಲೆ 16 ಸೆಂ.ಮೀ. ಅಗಲದ ಒಂದು ಪಟ್ಟಿ ಬರುವಂತೆ ಎರಡು ಗೆರೆ ಎಳೆಯಿರಿ. ಗೆರೆಗುಂಟ ಕತ್ತರಿಸಿದರೆ ಮೂರು ತುಂಡು ಸಿಗುತ್ತವೆ: ನಡುವಿನ ಪಟ್ಟಿ, ಎಡ ಪಕ್ಕ, ಬಲ ಪಕ್ಕ. ಕತ್ತರಿ ಹೆಲ್ಮೆಟ್‌ಗೆ ತಾಗದಂತೆ ಮಾದರಿಯನ್ನು ಸ್ವಲ್ಪ ಎತ್ತಿ ಹಿಡಿದು ಕತ್ತರಿಸಿ. ಯಾವುದು ಮುಂದೆ, ಯಾವುದು ಹಿಂದೆ ಎಂದು ಬರೆದಿಡುವುದು ಮರೆಯಬೇಡಿ.

ಹೊಲಿಯುವ ಕ್ರಮ

1. ಕತ್ತರಿಸುವುದು: ಎರಡು ಪಕ್ಕದ ತುಂಡುಗಳನ್ನು ಹಿಗ್ಗುವ ಬಟ್ಟೆಯಲ್ಲಿ ಮಾದರಿಗಿಂತ ಸುಮಾರು 1 ಸೆಂ.ಮೀ. ಚಿಕ್ಕದಾಗಿ ಗುರುತು ಮಾಡಿ. ಬಟ್ಟೆ ಹಿಗ್ಗಿ ಬಿಗಿಯಾಗಿ ಕೂರಲಿ ಎಂಬ ಕಾರಣಕ್ಕೆ ಹೀಗೆ. ನಡುವಿನ ಪಟ್ಟಿಯನ್ನು ಬಾಂಧನಿ ಅಥವಾ ಸೀರೆ ಬಟ್ಟೆಯಲ್ಲಿ ಮಾದರಿಯಷ್ಟೇ ಇಡಿ, ಅದು ಹಿಗ್ಗುವುದಿಲ್ಲ. ಎಲ್ಲದಕ್ಕೂ ಜೋಡಣೆಯ ಕಡೆ 1 ಸೆಂ.ಮೀ., ಅಂಚಿನ ಕಡೆ 2 ಸೆಂ.ಮೀ. ಹೆಚ್ಚುವರಿ ಬಿಡಬೇಕು.

2. ಬಣ್ಣದ ಪರೀಕ್ಷೆ: ಬಾಂಧನಿ ಬಟ್ಟೆ ಬಣ್ಣ ಬಿಡುವುದುಂಟು. ಕತ್ತರಿಸುವ ಮೊದಲೇ ಒಮ್ಮೆ ಬೇರೆಯಾಗಿ ಒಗೆದು ಒಣಗಿಸಿಕೊಂಡರೆ ಬೆವರು, ಮಳೆಗೆ ಹೆಲ್ಮೆಟ್ ಮೇಲೆ ಕಲೆಯಾಗುವುದಿಲ್ಲ.

3. ಗಾಳಿ ಕಿಂಡಿ: ಕಿಂಡಿ ಇರುವ ಕಡೆ ಬಟ್ಟೆ ಕತ್ತರಿಸಿ ನೆಟ್ ಬಟ್ಟೆ ಹೊಲಿಯಿರಿ. ಅಹಮದಾಬಾದ್‌ನಲ್ಲಿ ಅಕ್ಟೋಬರ್‌ನಲ್ಲೂ ಸೆಕೆ ಇರುತ್ತದೆ. ಕಿಂಡಿ ಮುಚ್ಚಿದರೆ ಹತ್ತು ನಿಮಿಷಕ್ಕೇ ತಲೆ ಬೆವತು ಹೆಲ್ಮೆಟ್ ತೆಗೆಯುವಂತಾಗುತ್ತದೆ.

4. ಅಲಂಕಾರ: ಮೂರು ತುಂಡುಗಳನ್ನು ಜೋಡಿಸುವ ಮೊದಲೇ ಅಲಂಕಾರ ಮುಗಿಸಿ. ಸಮತಟ್ಟಾದ ಬಟ್ಟೆಯ ಮೇಲೆ ಹೊಲಿಯುವುದು ಸುಲಭ, ಜೋಡಿಸಿದ ಮೇಲೆ ಕಷ್ಟ. ಗೋಟಾ ಪಟ್ಟಿ, ಕಸೂತಿ, ಪ್ಲಾಸ್ಟಿಕ್ ಬಿಲ್ಲೆ ಎಲ್ಲವೂ ಬಟ್ಟೆಗೆ ಅಂಟಿದಂತೆ ಚಪ್ಪಟೆಯಾಗಿರಲಿ.

5. ಜೋಡಣೆ: ಹಿಗ್ಗುವ ಬಟ್ಟೆಗೆ ಜಿಗ್‌ಜಾಗ್ ಹೊಲಿಗೆಯೇ ಬೇಕು. ನೇರ ಹೊಲಿಗೆ ಹಾಕಿದರೆ ತೊಡಿಸುವಾಗ ದಾರ ಪಟಕ್ಕನೆ ಕಿತ್ತುಬರುತ್ತದೆ. ಯಂತ್ರ ಇಲ್ಲದವರು ಕೈಯಲ್ಲಿ ಹಿಂಹೊಲಿಗೆ ಹಾಕಿದರೂ ನಡೆಯುತ್ತದೆ.

6. ಎಲಾಸ್ಟಿಕ್: ಅಂಚನ್ನು ಮಡಚಿ ಸುರಂಗದಂತೆ ಹೊಲಿದು ಎಲಾಸ್ಟಿಕ್ ತೂರಿಸಿ. ಅಂಚಿನ ಸುತ್ತಳತೆ 90 ಸೆಂ.ಮೀ. ಇದ್ದರೆ ಎಲಾಸ್ಟಿಕ್ ಸುಮಾರು 75 ಸೆಂ.ಮೀ. ಸಾಕು. ಪೂರ್ತಿ ಮುಖ ಮುಚ್ಚುವ ಹೆಲ್ಮೆಟ್ ಆದರೆ ಎರಡು ಪಕ್ಕದ ಕೆಳಮೂಲೆಗಳಿಂದ ಇನ್ನೊಂದು ಎಲಾಸ್ಟಿಕ್ ಪಟ್ಟಿ ಹೊಲಿದು, ಗಲ್ಲದ ಭಾಗದ ಹೊರಗಿನಿಂದ ಸುತ್ತಿ ಬರುವಂತೆ ಮಾಡಿ. ಗಾಳಿಗೆ ಕವರ್ ಹಿಂದಕ್ಕೆ ಜಾರದಂತೆ ಅದು ಹಿಡಿದಿಡುತ್ತದೆ. ಆ ಪಟ್ಟಿ ವೈಸರ್‌ನ ಕೆಳ ಅಂಚಿಗಿಂತ ಕೆಳಗೇ ಇರಬೇಕು.

ಬಟ್ಟೆಯನ್ನು ವೃತ್ತಾಕಾರವಾಗಿ ಕತ್ತರಿಸಿ ಅಂಚಿಗೆ ಎಲಾಸ್ಟಿಕ್ ಹಾಕುವ ಸ್ನಾನದ ಟೋಪಿಯಂಥ ವಿಧಾನವೂ ಇದೆ. ಹೊಲಿಯುವುದು ಸುಲಭ, ಆದರೆ ಸಡಿಲ ಬಟ್ಟೆಯೊಳಗೆ ಗಾಳಿ ತುಂಬಿ ಬುರುಗುಡುತ್ತದೆ, ತಲೆಯನ್ನು ಹಿಂದಕ್ಕೆ ಎಳೆದಂತಾಗುತ್ತದೆ. ನಿಂತ ಗಾಡಿಯ ಮೇಲೆ ಫೋಟೊ ತೆಗೆಸಿಕೊಳ್ಳಲು ಸರಿ, ಸವಾರಿಗೆ ಅಲ್ಲ.

ಇವು ಬೇಡವೇ ಬೇಡ

ಗಾಜಿನ ಕನ್ನಡಿ: ಚನಿಯಾ ಚೋಳಿಯ ಅಂದವೇ ಆಭಲಾ ಎಂಬ ಕನ್ನಡಿ ಕಸೂತಿ. ಆದರೆ ಹೆಲ್ಮೆಟ್ ಕೈಜಾರಿ ಬಿದ್ದರೂ ಗಾಜು ಒಡೆಯುತ್ತದೆ, ಚೂರು ಕಣ್ಣಿನ ಹತ್ತಿರವೇ ಇರುತ್ತದೆ.

ಉದ್ದನೆಯ ಕುಚ್ಚು: ಹಿಂದೆ ತೂಗುವ ಕುಚ್ಚು ಗಾಳಿಗೆ ಹಾರಿ ಹಿಂಬದಿ ಸವಾರರ ಕಣ್ಣಿಗೆ ಬಡಿಯುತ್ತದೆ. ಬೇಕೇ ಬೇಕು ಎಂದರೆ ಎರಡು ಸೆಂ.ಮೀ. ಮೀರದ ಉಣ್ಣೆಯ ಪುಟ್ಟ ಗೊಂಡೆ ಸಾಕು, ಅದೂ ಹಿಂಭಾಗದಲ್ಲಿ ಮಾತ್ರ.

ಮಿನುಗುವ ಎಲ್ಇಡಿ ದೀಪ: ಬ್ಯಾಟರಿಯ ಗಟ್ಟಿ ಪೆಟ್ಟಿಗೆ ತಲೆಯ ಮೇಲಿರುವುದೇ ಅಪಾಯ. ಮಿನುಗುವ ದೀಪ ಹಿಂದೆ ಬರುವವರಿಗೆ ಇಂಡಿಕೇಟರ್ ಎಂಬ ಗೊಂದಲವನ್ನೂ ಹುಟ್ಟಿಸುತ್ತದೆ. ಅದರ ಬದಲು ಹಿಂಭಾಗದಲ್ಲಿ ರಿಫ್ಲೆಕ್ಟಿವ್ ಪಟ್ಟಿ ಹೊಲಿದರೆ ಬೆಳಕು ಬಿದ್ದಾಗಲೆಲ್ಲ ತಾನೇ ಹೊಳೆಯುತ್ತದೆ. ನಡುರಾತ್ರಿ ಮನೆಗೆ ಮರಳುವವರಿಗೆ ಇದು ನಿಜವಾದ ಉಪಕಾರ.

ಹೆಲ್ಮೆಟ್ ಒಳಗೆ ಬಟ್ಟೆ ತುರುಕುವುದು: ಕವರ್‌ನ ಅಂಚನ್ನು ತಲೆಗೂ ಒಳ ಮೆತ್ತೆಗೂ ನಡುವೆ ಸೇರಿಸಬಾರದು. ಗಲ್ಲದ ಪಟ್ಟಿಯನ್ನು ಕವರ್ ಮುಚ್ಚಲೂಬಾರದು. ಹೆಲ್ಮೆಟ್ ತಲೆಗೆ ಪಟ್ಟಿಯಿಂದ ಭದ್ರವಾಗಿ ಬಿಗಿದಿರಬೇಕು ಎಂಬುದು ಮೋಟಾರು ವಾಹನ ಕಾಯ್ದೆಯ 129ನೇ ಸೆಕ್ಷನ್‌ನ ಸ್ಪಷ್ಟ ಮಾತು. ಹೆಲ್ಮೆಟ್ ಹಿಂಭಾಗದಲ್ಲಿ ಐಎಸ್ಐ ಗುರುತು ಇದ್ದರೆ ಅಷ್ಟು ಜಾಗ ಕಾಣುವಂತೆ ಬಿಟ್ಟರೆ ತಪಾಸಣೆಯ ವೇಳೆ ವಾದವೇ ಬರುವುದಿಲ್ಲ.

ರಸ್ತೆಗೆ ಇಳಿಯುವ ಮೊದಲು ನಾಲ್ಕು ಪರೀಕ್ಷೆ

ಮೊದಲನೆಯದು, ನೋಟ. ಹೆಲ್ಮೆಟ್ ಧರಿಸಿ ನೇರ ನೋಡುತ್ತಾ ಕುಳಿತುಕೊಳ್ಳಿ. ಮನೆಯವರೊಬ್ಬರು ಪಕ್ಕದಿಂದ ಬೆರಳು ಆಡಿಸಲಿ. ಹೆಲ್ಮೆಟ್ ಮಾನದಂಡದ ಪ್ರಕಾರ ಮುಖದ ನೇರದಿಂದ ಎರಡೂ ಪಕ್ಕಕ್ಕೆ 105 ಡಿಗ್ರಿಯಷ್ಟು ನೋಟ ಮುಕ್ತವಾಗಿರಬೇಕು. ಅಂದರೆ ಭುಜದ ಸಾಲಿಗಿಂತ ಸ್ವಲ್ಪ ಹಿಂದಿನ ಬೆರಳಿಗೂ ಹೆಲ್ಮೆಟ್, ಕವರ್ ಅಡ್ಡ ಬರಬಾರದು. ಕವರ್ ಇಲ್ಲದೆ ಕಂಡಷ್ಟೇ ಕವರ್ ಇದ್ದಾಗಲೂ ಕಾಣಬೇಕು.

ಎರಡನೆಯದು, ವೈಸರ್. ಹತ್ತು ಬಾರಿ ಮೇಲೆತ್ತಿ ಇಳಿಸಿ. ಒಮ್ಮೆ ಸಿಕ್ಕಿಕೊಂಡರೂ ಅಂಚನ್ನು ಇನ್ನಷ್ಟು ಹಿಂದೆ ಸರಿಸಬೇಕು.

ಮೂರನೆಯದು, ಎಳೆತ. ತಲೆಯನ್ನು ಜೋರಾಗಿ ಅಲುಗಾಡಿಸಿದಾಗ ಕವರ್ ಕದಲಬಾರದು. ಆದರೆ ಕೈಯಿಂದ ಬಲವಾಗಿ ಎಳೆದಾಗ ಕಳಚಿ ಬರಬೇಕು. ಬರದಿದ್ದರೆ ಎಲಾಸ್ಟಿಕ್ ಸಡಿಲ ಮಾಡಿ.

ನಾಲ್ಕನೆಯದು, ಗಾಳಿ. ಸೊಸೈಟಿಯ ಒಳರಸ್ತೆಯಲ್ಲಿ ನಿಧಾನವಾಗಿ ಒಂದು ಸುತ್ತು ಹಾಕಿ. ಹಿಂದೆ ಕುಳಿತವರು ಕವರ್ ಉಬ್ಬುತ್ತದೆಯೇ, ಜಾರುತ್ತದೆಯೇ ಎಂದು ಗಮನಿಸಲಿ. ಹಾರ್ನ್ ಸದ್ದು ಎಂದಿನಂತೆ ಕೇಳುತ್ತದೆಯೇ ಎಂಬುದನ್ನೂ ನೋಡಿಕೊಳ್ಳಿ.

ಕೂದಲು, ಒಡವೆ, ದುಪಟ್ಟಾ

ಕವರ್ ಎಷ್ಟೇ ಚೆಂದವಿದ್ದರೂ ಎತ್ತರದ ತುರುಬಿನ ಮೇಲೆ ಹೆಲ್ಮೆಟ್ ಕೂರುವುದಿಲ್ಲ. ತುರುಬು ಹೆಲ್ಮೆಟ್ಟನ್ನು ಮೇಲಕ್ಕೆ ತಳ್ಳುತ್ತದೆ, ಬಿದ್ದಾಗ ಅದು ಕಳಚಿ ಹೋಗಬಹುದು. ಹಾಗಾಗಿ ಕುತ್ತಿಗೆಯ ಬಳಿ ಸಡಿಲ ಜಡೆ ಹಾಕಿಕೊಂಡು ಹೊರಡುವುದು ಜಾಣತನ. ಬೈತಲೆ ಬೊಟ್ಟು, ಕ್ಲಿಪ್, ಲೋಹದ ಪಿನ್‌ಗಳನ್ನು ಸ್ಕೂಟರ್‌ನ ಡಿಕ್ಕಿಯಲ್ಲಿಟ್ಟು ಮೈದಾನದಲ್ಲಿ ಹಾಕಿಕೊಳ್ಳಬಹುದು. ಎರಡು ನಿಮಿಷದ ಕೆಲಸ ಅಷ್ಟೇ.

ದುಪಟ್ಟಾ ಮತ್ತು ಹಲವು ಮೀಟರ್ ಘೇರಿನ ಚನಿಯಾ ಚಕ್ರಕ್ಕೆ ಸಿಕ್ಕಿಕೊಳ್ಳುವ ಅಪಾಯವೂ ದೊಡ್ಡದು. ದುಪಟ್ಟಾವನ್ನು ಸೊಂಟಕ್ಕೆ ಬಿಗಿದು, ಲಂಗದ ಘೇರನ್ನು ಮಡಿಲಿಗೆ ಎಳೆದುಕೊಂಡು ಕುಳಿತುಕೊಳ್ಳಬೇಕು. ಬೈಕ್‌ನ ಹಿಂಚಕ್ರಕ್ಕೆ ಸೀರೆ ಗಾರ್ಡ್ ಇರಬೇಕು ಎಂದು ಕೇಂದ್ರ ಮೋಟಾರು ವಾಹನ ನಿಯಮ ಹೇಳುವುದೂ ಬಟ್ಟೆ ಸಿಕ್ಕಿಕೊಳ್ಳದಿರಲಿ ಎಂದೇ. ಅಂದಕ್ಕಾಗಿ ಅದನ್ನು ಬಿಚ್ಚಿಸಿದವರು ಹಬ್ಬದ ಮೊದಲು ಮತ್ತೆ ಹಾಕಿಸಿಕೊಳ್ಳುವುದು ಒಳಿತು.

ಉತ್ತರಾಯಣಕ್ಕೆ ಬೇರೆಯೇ ಎಚ್ಚರ

ಜನವರಿ 14ರ ಉತ್ತರಾಯಣದಂದು ಅಹಮದಾಬಾದ್‌ನ ಆಕಾಶವೆಲ್ಲ ಗಾಳಿಪಟ. ಕಡಿದುಬಿದ್ದ ಮಾಂಜಾ ದಾರ ರಸ್ತೆಗೆ ಅಡ್ಡಲಾಗಿ ತೂಗಿ ಸವಾರರ ಕುತ್ತಿಗೆ ಕೊಯ್ಯುವ ಘಟನೆಗಳು ವರದಿಯಾಗುತ್ತಲೇ ಇರುತ್ತವೆ. ನೈಲಾನ್ ಮತ್ತಿತರ ಕೃತಕ ದಾರದ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲೇ ನಿಷೇಧಿಸಿದೆ. ಆದರೂ ಆ ದಿನಗಳಲ್ಲಿ ಸವಾರರು ಹ್ಯಾಂಡಲ್‌ಗೆ ಬಾಗಿದ ಕಂಬಿ ಕಟ್ಟಿಸಿಕೊಳ್ಳುತ್ತಾರೆ, ಕುತ್ತಿಗೆಗೆ ದಪ್ಪ ಬಟ್ಟೆ ಸುತ್ತಿಕೊಳ್ಳುತ್ತಾರೆ.

ಗಾಳಿಪಟದ ಚಿತ್ತಾರದ ಕವರ್ ಹೊಲಿಯುವವರು ಇದನ್ನು ನೆನಪಿಡಬೇಕು. ಕವರ್‌ಗೆ ಕುತ್ತಿಗೆಯ ತನಕ ಬಟ್ಟೆ ಇಳಿಬಿಟ್ಟು ಅದೇ ರಕ್ಷಣೆ ಎಂದು ನಂಬಬಾರದು. ಗಾಳಿಗೆ ಹಾರುವ ತೆಳು ಬಟ್ಟೆ ಮಾಂಜಾವನ್ನು ತಡೆಯುವುದಿಲ್ಲ. ಕಂಬಿ, ಬಿಗಿಯಾಗಿ ಸುತ್ತಿದ ದಪ್ಪ ಮಫ್ಲರ್, ಇಳಿಸಿದ ವೈಸರ್ ಮತ್ತು ಕಡಿಮೆ ವೇಗ, ಈ ನಾಲ್ಕೂ ಬೇಕು.

ಆಯುಧಪೂಜೆ, ರಾಜ್ಯೋತ್ಸವ, ಕ್ರಿಸ್‌ಮಸ್‌ಗೂ ಇದೇ ಮಾದರಿ

ಒಮ್ಮೆ ಕಾಗದದ ಮಾದರಿ ಸಿದ್ಧವಾದರೆ ವರ್ಷವಿಡೀ ಉಪಯೋಗಕ್ಕೆ ಬರುತ್ತದೆ. ಕರ್ನಾಟಕದಲ್ಲಿ ಆಯುಧಪೂಜೆಯಂದು ಬೈಕ್ ತೊಳೆದು, ಬಾಳೆಕಂದು ಕಟ್ಟಿ, ಹೂವಿನ ಹಾರ ಹಾಕುವುದು ವಾಡಿಕೆ. ಪೂಜೆಯ ನಂತರ ಅದೇ ಹಾರ, ಬಾಳೆಕಂದಿನೊಂದಿಗೆ ರಸ್ತೆಗಿಳಿದರೆ ಹೆಡ್‌ಲೈಟ್, ಇಂಡಿಕೇಟರ್ ಮುಚ್ಚಿಹೋಗುತ್ತವೆ. ಹೆಲ್ಮೆಟ್‌ಗೆ ಹಚ್ಚಿದ ಅರಿಶಿನ ಕುಂಕುಮವೂ ವೈಸರ್ ಮೇಲೆ ಬೀಳಬಾರದು. ಕವರ್ ಇದ್ದರೆ ಬೊಟ್ಟು ಬಟ್ಟೆಗೆ ಇಟ್ಟರಾಯಿತು.

ನವೆಂಬರ್ 1ಕ್ಕೆ ಹಳದಿ-ಕೆಂಪು ಬಟ್ಟೆಯಲ್ಲಿ ಹೊಲಿದರೆ ರಾಜ್ಯೋತ್ಸವದ ಕವರ್. ಡಿಸೆಂಬರ್‌ಗೆ ಕೆಂಪು ಬಟ್ಟೆ, ಬಿಳಿ ಉಣ್ಣೆಯ ಅಂಚು ಕೊಟ್ಟರೆ ಸಾಂತಾ ಟೋಪಿ. ಟೋಪಿಯ ಬಾಲವನ್ನು ಇಳಿಬಿಡದೆ ಪಕ್ಕಕ್ಕೆ ಮಡಚಿ ಹೊಲಿದುಬಿಡಬೇಕು. ಯಾವ ಕಾರಣಕ್ಕೂ ಹೆಲ್ಮೆಟ್ ಕೆಳಗೆ ಟೋಪಿ ಧರಿಸುವುದಾಗಲಿ, ಹೆಲ್ಮೆಟ್ ಬದಲು ಟೋಪಿ ಧರಿಸುವುದಾಗಲಿ ಸಲ್ಲದು.

ಮಳೆ ಬಂದರೆ? ಮಕ್ಕಳಿಗೆ ಹಾಕಬಹುದೇ?

ಮಳೆ ಬಂದರೆ ಕವರ್ ತೆಗೆದು ಡಿಕ್ಕಿಗೆ ಹಾಕುವುದೇ ಸರಿ. ನೆನೆದ ಬಟ್ಟೆ ಭಾರವಾಗುತ್ತದೆ, ನೀರು ವೈಸರ್ ಮೇಲೆ ತೊಟ್ಟಿಕ್ಕುತ್ತದೆ. ಹೆದ್ದಾರಿಯ ವೇಗದ ಸವಾರಿಗೂ ಕವರ್ ಬೇಡ, ಅದು ಬಡಾವಣೆಯ ನಿಧಾನ ಸವಾರಿಗಷ್ಟೇ. ಹಬ್ಬ ಮುಗಿದ ಮೇಲೆ ತೆಗೆದು, ಒಗೆದು, ಪೂರ್ತಿ ಒಣಗಿಸಿ ಮಡಚಿಡಿ.

ಮಕ್ಕಳ ಹೆಲ್ಮೆಟ್‌ಗೆ ಸಾದಾ ಬಟ್ಟೆಯ ಕವರ್ ಸಾಕು. ಕಿತ್ತು ಬಾಯಿಗೆ ಹಾಕಿಕೊಳ್ಳುವಂಥ ಬಿಲ್ಲೆ, ಮಣಿ ಹೊಲಿಯಬಾರದು. ನಾಲ್ಕು ವರ್ಷ ದಾಟಿದ ಮಕ್ಕಳಿಗೂ ಕಾಯ್ದೆಯ ಪ್ರಕಾರ ಹೆಲ್ಮೆಟ್ ಕಡ್ಡಾಯ. ಒಂಬತ್ತು ತಿಂಗಳಿಂದ ನಾಲ್ಕು ವರ್ಷದವರೆಗಿನ ಮಕ್ಕಳನ್ನು ಹಿಂದೆ ಕೂರಿಸಿಕೊಂಡು ಹೋಗುವಾಗಲೂ ಹೆಲ್ಮೆಟ್ ಹಾಕಿಸಬೇಕು ಎಂಬ ನಿಯಮ 2023ರ ಫೆಬ್ರುವರಿಯಿಂದ ಜಾರಿಯಲ್ಲಿದೆ. ತಾವೇ ಬಟ್ಟೆಯ ಬಣ್ಣ ಆರಿಸಿದ ಕವರ್ ಇದ್ದರೆ ಮಕ್ಕಳು ಹಟ ಮಾಡದೆ ಹೆಲ್ಮೆಟ್ ಹಾಕಿಕೊಳ್ಳಬಹುದು.

ಗರ್ಬಾ ಮುಗಿಯುವಾಗ ನಡುರಾತ್ರಿ. ಕಾಲು ಸೋತಿರುತ್ತವೆ, ಕಣ್ಣು ಎಳೆಯುತ್ತಿರುತ್ತವೆ, ರಸ್ತೆ ಖಾಲಿಯಿರುವುದರಿಂದ ಎಲ್ಲರ ವೇಗವೂ ಹೆಚ್ಚಿರುತ್ತದೆ. ಮನೆಯಿಂದ ಹೊರಡುವಾಗ ಚೆಂದ ಕಾಣಲೆಂದು ತೊಟ್ಟ ಆ ಹೆಲ್ಮೆಟ್ ಹೆಚ್ಚು ಬೇಕಾಗುವುದು ವಾಪಸ್ ಬರುವ ಈ ಹೊತ್ತಿನಲ್ಲೇ. ಪಾರ್ಕಿಂಗ್‌ನಲ್ಲಿ ಸಾಲು ಸಾಲು ಕಪ್ಪು ಹೆಲ್ಮೆಟ್‌ಗಳ ನಡುವೆ ಬಾಂಧನಿ ಕವರ್‌ನದ್ದು ದೂರದಿಂದಲೇ ಗುರುತು ಸಿಗುತ್ತದೆ. ಅದನ್ನು ತಲೆಗೇರಿಸಿ, ಗಲ್ಲದ ಪಟ್ಟಿ ಬಿಗಿದುಕೊಂಡ ಮೇಲೆಯೇ ಗಾಡಿ ಸ್ಟಾರ್ಟ್ ಆಗಲಿ.